ನಾಲ್ಕೈದು ದಿನ ಕರೆಂಟ್ ಇಲ್ಲದ ಮನೆಗೆ ಎಂತ ತಗೋಬೇಕು? ಇನ್ವರ್ಟರಾ, ಲಿಥಿಯಮ್ಮಾ, ಸೋಲಾರಾ, ಜನರೇಟರಾ, ಹಳ್ಳದ ಟರ್ಬೈನಾ

ಏಪ್ರಿಲ್ ಮುಗೀತಾ ಬಂತು ಅಂದ್ರೆ ನಂಗೆ ಫೋನ್ ಶುರುವಾಗತ್ತೆ. ಈ ಸಲ ಮೊದಲು ಮಾಡಿದ್ದು ಹೊಸನಗರ ಕಡೆ ಇರೋ ತಂಗಿ ಗಂಡ. "ಭಾವ, ಅಂಗಡಿಯವ ಎರಡು ಬ್ಯಾಟರಿ ಹಾಕ್ಸಿ ಅಂತಾನೆ, ನಮ್ಮ ಪಕ್ಕದ ಮನೆಯವ್ರು ಸೋಲಾರ್ ಸಬ್ಸಿಡೀಲಿ ಸಿಗತ್ತೆ ಅಂತಾರೆ, ಅಪ್ಪಯ್ಯ ಜನರೇಟರ್ ತಂದ್ಬಿಡು ಸಾಕು ಅಂತಾರೆ, ಎಂತ ಮಾಡೋದು?" ಅಂತ. ಆಮೇಲೆ ತೀರ್ಥಹಳ್ಳಿ ಪೇಟೇಲಿ ಬಾಡಿಗೆ ಮನೇಲಿರೋ ಗೆಳೆಯ, ಬೆಂಗಳೂರಲ್ಲಿ ಕೂತು ಊರಲ್ಲಿರೋ ಅಪ್ಪ ಅಮ್ಮನ ಬಗ್ಗೆ ಚಿಂತೆ ಮಾಡೋ ಹುಡುಗ್ರು, ಎಲ್ರದ್ದೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಅರ್ಧರ್ಧ ಗಂಟೆ ಹೇಳೋ ಬದಲು ಬರೆದೇ ಬಿಡೋಣ ಅನ್ನಿಸ್ತು.

ಮೊದಲು ನನ್ನ ಮೂರ್ಖತನ ಹೇಳ್ತೀನಿ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ ಒಳಗೆ, ಲೈನು ಬರೋದು ಕಾಡು ದಾಟಿ ತೋಟ ದಾಟಿ. ಒಂದ್ವರ್ಷ ಪುನರ್ವಸು ಮಳೇಲಿ ಗಾಳಿ ಬೀಸಿ ಎಲ್ಲೆಲ್ಲೋ ಮರ ಬಿದ್ದು ಐದು ದಿನ ಕರೆಂಟಿಲ್ಲ. ನನ್ನ ಹತ್ರ ಹೊಸ ಇನ್ವರ್ಟರ್, 150 ಆಂಪಿಯರ್ ಅವರ್ (ಎಎಚ್, ಬ್ಯಾಟರಿ ಎಷ್ಟು ಹಿಡಿಯತ್ತೆ ಅನ್ನೋ ಅಳತೆ) ಬ್ಯಾಟರಿ ಇತ್ತು, ಊರಿಗೇ ದೊಡ್ಡದು ಅಂತ ಬೀಗ್ತಾ ಇದ್ದೆ. ಎರಡನೇ ರಾತ್ರಿ ಒಂಬತ್ತೂವರೆಗೆ ಕುಂಯ್ ಅಂತ ಕೂಗಿ ಮಲಗಿಬಿಡ್ತು. ಉಳಿದ ಮೂರು ದಿನ ಅಮ್ಮನ ದೇವರ ದೀಪವೇ ಗತಿ. ಆಗ ಗೊತ್ತಾಯ್ತು, ಅಂಗಡೀಲಿ ನಾವು ಕೇಳೋ ಪ್ರಶ್ನೆಯೇ ತಪ್ಪು ಅಂತ. "ಎಷ್ಟು ಗಂಟೆ ಬರತ್ತೆ" ಅಂತ ಕೇಳ್ತೀವಿ. ಪೇಟೆಯವ್ರಿಗೆ ಅದು ಸರಿ, ಅಲ್ಲಿ ಕರೆಂಟು ಹೋದ್ರೆ ಗಂಟೆ ಲೆಕ್ಕ. ನಮ್ಮಲ್ಲಿ ದಿನದ ಲೆಕ್ಕ. ದಿನದ ಲೆಕ್ಕಕ್ಕೆ ಬಂದ್ರೆ ಕೇಳ್ಬೇಕಾದ್ದು "ಇದು ಖಾಲಿ ಆದ್ಮೇಲೆ ಯಾವುದರಿಂದ ತುಂಬ್ಸೋದು?" ಅಂತ. ಇನ್ವರ್ಟರ್ ಕರೆಂಟ್ ಮಾಡಲ್ಲ ಮಾರಾಯ್ರೆ, ಲೈನಿಂದ ಬಂದಿದ್ದನ್ನ ಕೂಡಿಟ್ಟು ವಾಪಸ್ ಕೊಡತ್ತೆ ಅಷ್ಟೆ.

ಅಂಗಡಿಗೆ ಹೋಗೋಕೆ ಮುಂಚೆ ಮನೇಲಿ ಕೂತು ನೋಡ್ಕೊಳ್ಳೋದು

ಒಂದು, ಹೋದ ಎರಡು ಮೂರು ಮಳೆಗಾಲದಲ್ಲಿ ಒಂದೇ ಸಲಕ್ಕೆ ಅತಿ ಹೆಚ್ಚು ಎಷ್ಟು ದಿನ ಕರೆಂಟ್ ಹೋಗಿತ್ತು. ಸರಾಸರಿ ಬೇಡ, ಅತಿ ಹೆಚ್ಚು. ಎರಡು, ಕರೆಂಟ್ ಇಲ್ದಾಗ ಏನು ಓಡ್ಲೇಬೇಕು, ಏನು ಓಡಿದ್ರೆ ಒಳ್ಳೇದು, ಯಾವುದು ಇಲ್ದಿದ್ರೂ ನಡೆಯತ್ತೆ. ಮೂರು, ತುಂಬ್ಸೋ ದಾರಿ. ನಾಲ್ಕು, ಅದನ್ನ ನೋಡ್ಕೊಳ್ಳೋರು ಯಾರು, ಎಪ್ಪತ್ತು ದಾಟಿದ ಅಪ್ಪಯ್ಯ ಮಳೇಲಿ ಹೋಗಿ ಜನರೇಟರ್ ಹಗ್ಗ ಎಳೀತಾರಾ? ದುಡ್ಡು ಐದನೇದು. ಎಲ್ರೂ ದುಡ್ಡಿಂದ ಶುರು ಮಾಡ್ತಾರೆ, ಅಲ್ಲೇ ಎಡವೋದು.

ಎರಡನೇದರ ಬಗ್ಗೆ ಸ್ವಲ್ಪ ನಿಲ್ಬೇಕು. ಅಂಗಡಿಯವ್ರು ಲೆಕ್ಕ ಹಾಕೋದು ಬೇಸಿಗೆ ಲೆಕ್ಕ, ಮೂರು ಫ್ಯಾನು ಆರು ಲೈಟು ಒಂದು ಟಿವಿ ಅಂತ. ಅಲ್ಲ, ಜುಲೈನಲ್ಲಿ ಆಗುಂಬೆ ಹತ್ರ ಫ್ಯಾನ್ ಯಾರು ಹಾಕ್ತಾರೆ? ಕಂಬಳಿ ಹೊದ್ದು ಒಲೆ ಮುಂದೆ ಕೂರೋ ಕಾಲ ಅದು. ಫ್ಯಾನ್ ತೆಗೆದ್ರೆ ಉಳಿಯೋದು 9 ವ್ಯಾಟಿನ ನಾಲ್ಕು ಎಲ್ಇಡಿ, ವೈಫೈ ಡಬ್ಬಿ ಒಂದು 10–12 ವ್ಯಾಟು. ಒಟ್ಟು 50 ವ್ಯಾಟ್ ಹಿಡೀರಿ. ಸಂಜೆ ಆರರಿಂದ ಹನ್ನೊಂದರ ತನಕ ಐದು ಗಂಟೆ ಉರಿದ್ರೆ ದಿನಕ್ಕೆ 250 ವ್ಯಾಟ್ ಅವರ್, ಅಂದ್ರೆ ಕಾಲು ಯೂನಿಟ್. ಫೋನ್ ಚಾರ್ಜು ಇದ್ರಲ್ಲಿ ಸಾಸಿವೆ ಕಾಳು. ಇಷ್ಟು ಕಡಿಮೆ ಖರ್ಚಿಗೆ ಎರಡು ಬ್ಯಾಟರಿ ಎಂತಕ್ಕೆ?

ಮಿಕ್ಸಿ ಮಾತ್ರ ಬೇರೆ ಕತೆ. ಮನೆ ಹೆಂಗಸರನ್ನ ಕೇಳಿದ್ರೆ ಟಿವಿ ಅಲ್ಲ, ಫ್ರಿಜ್ ಅಲ್ಲ, ಮೊದಲು ಕೇಳೋದು ಮಿಕ್ಸಿ ನಡೆಯತ್ತಾ ಅಂತ. 500ರಿಂದ 750 ವ್ಯಾಟ್ ಎಳೆಯತ್ತೆ ಆದ್ರೆ ಐದೇ ನಿಮಿಷ, ಹಾಗಾಗಿ 900 ವಿಎ (ಒಂದೇ ಸಲಕ್ಕೆ ಎಷ್ಟು ಹೊರತ್ತೆ ಅನ್ನೋ ಅಳತೆ) ಇನ್ವರ್ಟರಲ್ಲಿ ಬೇರೆಯದನ್ನೆಲ್ಲ ಆಫ್ ಮಾಡಿ 500ರ ಮಿಕ್ಸಿ ಓಡಿಸ್ಬಹುದು, 750ರದ್ದು ಕೆಲವು ಸಲ ಓವರ್‌ಲೋಡ್ ಅಂತ ಕೂಗತ್ತೆ. ಮೇಜಿನ ಮೇಲಿಡೋ ಗ್ರೈಂಡರ್ 150 ವ್ಯಾಟಿನದ್ದಾದ್ರೆ ಇನ್ನೂ ಸಲೀಸು. ಗೀಸರ್, ಇಂಡಕ್ಷನ್ ಒಲೆ, ಐರನ್ ಬಾಕ್ಸ್ ಇದನ್ನೆಲ್ಲ ಮರೆತುಬಿಡಿ, ಹಂಡೆ ಒಲೆ ಇರೋದು ಇದಕ್ಕೇ. ಸೌದೆ ಒಣಗಿದ್ದು ಒಟ್ಟಿಟ್ಟಿದ್ರೆ ಆಯ್ತು.

ಮೊದಲ ಮೂರು ಸಾವಿರ ಎಲ್ರಿಗೂ

ಯಾವುದನ್ನೇ ಆರಿಸ್ಕೊಳ್ಳಿ, ಇದೊಂದು ಮೂರು ಸಾವಿರ ಮೊದಲು ಖರ್ಚು ಮಾಡಿ. ತಲೆಗೆ ಕಟ್ಟೋ ಟಾರ್ಚು ಎರಡು, ರಾತ್ರಿ ಕೊಟ್ಟಿಗೆಗೆ ಹೋಗೋಕೆ ಒಂದು ಕೈಲಿ ಕೊಡೆ ಒಂದು ಕೈಲಿ ಬಕೆಟ್ ಅನ್ನೋ ಸ್ಥಿತೀಲಿ ಇದಕ್ಕಿಂತ ಉಪಕಾರಿ ಇನ್ನೊಂದಿಲ್ಲ. ಒಳಗೇ ಬ್ಯಾಟರಿ ಇರೋ ರೀಚಾರ್ಜ್ ಬಲ್ಬು ಎರಡು, ಮೂರ್ನಾಲ್ಕು ಗಂಟೆ ಬರತ್ತೆ. 20,000 ಎಂಎಎಚ್ ಪವರ್‌ಬ್ಯಾಂಕು ಒಂದು, ಬರೆದಿರೋ ಲೆಕ್ಕದಲ್ಲಿ ನಾಲ್ಕು ಸಲ ಫೋನ್ ತುಂಬ್ಬೇಕು, ಆದ್ರೆ ಒಳಗಿನ ನಷ್ಟ ಕಳೆದ್ರೆ ಈಗಿನ ದೊಡ್ಡ ಫೋನಿಗೆ ಎರಡೂವರೆ ಸಲ ಬರತ್ತೆ. ಹಳೇ ಗುಂಡಿ ಫೋನೊಂದು ಇದ್ರೆ ಎಸೀಬೇಡಿ, ವಾರ ಬರತ್ತೆ. ಸೆಲ್ ಹಾಕೋ ರೇಡಿಯೋ ಒಂದಿದ್ರೆ ಆಕಾಶವಾಣಿ ಭದ್ರಾವತಿ ಸಿಗತ್ತೆ, ಶಾಲೆಗೆ ರಜೆಯಾ ಇಲ್ವಾ ಅನ್ನೋದಕ್ಕಾದ್ರೂ ಬೇಕಲ್ಲ.

ಫೋನ್ ಚಾರ್ಜ್ ಇದ್ರೆ ಸಾಕು ಅಂದ್ಕೋಬೇಡಿ. ಟವರಿಗೂ ಕರೆಂಟ್ ಬೇಕು, ಅದರ ಬ್ಯಾಟರಿ ಡೀಸೆಲ್ ಮುಗಿದ್ರೆ ಅದೂ ಮಲಗತ್ತೆ. ಹಾಗಾಗಿ ಹೊರಗಿರೋ ಮಕ್ಕಳಿಗೆ ಮೊದಲೇ ಹೇಳಿಡಿ, ಎರಡು ದಿನ ಫೋನ್ ಬರ್ಲಿಲ್ಲ ಅಂದ್ರೆ ಗಾಬರಿ ಬೇಡ, ಇಂಥವರ ಮನೆಗೆ ಮಾಡಿ, ಅಲ್ಲೂ ಸಿಗದಿದ್ರೆ ಆಮೇಲೆ ಯೋಚ್ನೆ ಮಾಡಿ ಅಂತ. ಇದಕ್ಕೆ ದುಡ್ಡೂ ಬೇಡ.

ಟ್ಯೂಬುಲರ್ ಬ್ಯಾಟರಿ ಇನ್ವರ್ಟರ್

ಎಲ್ರ ಮನೇಲೂ ಇರೋದು ಇದೇ, ಒಳಗೆ ಆಸಿಡ್ ಇರೋ ಭಾರದ ಬ್ಯಾಟರಿ. 900 ವಿಎ ಇನ್ವರ್ಟರು, 150 ಎಎಚ್ ಬ್ಯಾಟರಿ, ಎರಡೂ ಸೇರಿ ನಾನು ವಿಚಾರ್ಸಿದಾಗ 20ರಿಂದ 25 ಸಾವಿರ, ಅಂಗಡಿಯಿಂದ ಅಂಗಡಿಗೆ ಹೆಚ್ಚು ಕಮ್ಮಿ. ಲೆಕ್ಕ ನೋಡಿ, 12 ವೋಲ್ಟ್ ಗುಣಿಸು 150 ಅಂದ್ರೆ 1800 ವ್ಯಾಟ್ ಅವರ್. ಪೂರ್ತಿ ಹಿಂಡಿದ್ರೆ ಬ್ಯಾಟರಿ ಬೇಗ ಸಾಯತ್ತೆ, ಇನ್ವರ್ಟರಲ್ಲೂ ಸ್ವಲ್ಪ ಸೋರತ್ತೆ, ಕೈಗೆ ಸಿಗೋದು ಸಾವಿರ ವ್ಯಾಟ್ ಅವರ್ ಅಂದ್ಕೊಳ್ಳಿ. ದಿನಕ್ಕೆ 250 ಖರ್ಚಾದ್ರೆ ನಾಲ್ಕು ದಿನ ಬರ್ಬೇಕು. ಹಾಗಾದ್ರೆ ನನ್ನದು ಎರಡನೇ ರಾತ್ರಿಗೇ ಯಾಕೆ ಮಲಗ್ತು?

ಇಲ್ಲೇ ಇರೋದು ಗುಟ್ಟು. ಇನ್ವರ್ಟರ್ ಆನ್ ಇದ್ರೆ, ಒಂದು ಬಲ್ಬೂ ಉರೀದಿದ್ರೂ, ಅದು ತನ್ನ ಹೊಟ್ಟೆಗೆ ಅಂತ 10–20 ವ್ಯಾಟ್ ತಿಂತಾ ಇರತ್ತೆ. 15 ಅಂತಿಟ್ಕೊಂಡ್ರೂ 24 ಗಂಟೆಗೆ 360, ನಾವು ಉರಿಸೋ ಲೈಟಿಗಿಂತ ಜಾಸ್ತಿ! ನಾನು ಐದೂ ದಿನಕ್ಕೆ ಇರ್ಲಿ ಅಂತ ಲೈಟ್ ಉಳಿಸ್ತಾ ಇದ್ದೆ, ಮಷೀನು ಹಗಲೂ ರಾತ್ರಿ ಕುಡೀತಾ ಇತ್ತು. ಈಗ ನಮ್ಮನೇಲಿ ನಿಯಮ, ಲೈನ್ ಹೋಗಿದೆ ಅಂದ್ರೆ ಬೆಳಿಗ್ಗೆ ಎದ್ದ ಕೂಡ್ಲೇ ಮತ್ತೆ ಮಲಗೋ ಮುಂಚೆ ಇನ್ವರ್ಟರ್ ಮುಂದಿನ ಸ್ವಿಚ್ ಆಫ್, ರಾತ್ರಿ ಎದ್ರೆ ಟಾರ್ಚು. ಹೊಸದು ತಗೊಳ್ಳೋಕೆ ಮುಂಚೆ ಇರೋದರಲ್ಲೇ ಇದನ್ನ ಮಾಡಿ ನೋಡಿ, ಅರ್ಧ ಜನಕ್ಕೆ ಹೊಸದು ಬೇಡವೇ ಬೇಡ.

ಇದರ ದೊಡ್ಡ ಕೊರತೆ ಅಂದ್ರೆ ತುಂಬೋಕೆ ತಗೊಳ್ಳೋ ಹೊತ್ತು, 10–12 ಗಂಟೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೆಂಗೆ ಬರತ್ತೆ ಅಂತ ಗೊತ್ತಲ್ಲ, ಮಧ್ಯಾಹ್ನ ಎರಡು ಗಂಟೆ ಬಂದು ಮುಖ ತೋರ್ಸಿ ಹೋಗತ್ತೆ, ಆ ಎರಡು ಗಂಟೇಲಿ ಇದು ಕಾಲು ಭಾಗವೂ ತುಂಬಲ್ಲ. ಜೊತೆಗೆ ವೋಲ್ಟೇಜ್ ಡಲ್ ಇರತ್ತೆ, ಹಿಂದೆ ಒಂದು ಸಣ್ಣ ಸ್ವಿಚ್ ಇರತ್ತೆ ನೋಡಿ, ಯುಪಿಎಸ್ ಮೋಡ್ ಅಂತ, ಅದ್ರಲ್ಲಿಟ್ರೆ ವೋಲ್ಟೇಜ್ 180ರ ಹತ್ರ ಇಳಿದ ಕೂಡ್ಲೇ ಅದು ಲೈನನ್ನೇ ಬೇಡ ಅಂತ ಬಿಟ್ಟು ಬ್ಯಾಟರಿಗೆ ಹೋಗತ್ತೆ. ಬಂದ ಕರೆಂಟೂ ತುಂಬಲ್ಲ, ಇರೋದೂ ಖಾಲಿ. ಹಳ್ಳಿ ಮನೇಲಿ ಅದನ್ನ ನಾರ್ಮಲ್ಲಿಗೆ ಹಾಕ್ಕೊಳ್ಳಿ, ಕಂಪ್ಯೂಟರ್ ಕೆಲಸ ಇರೋರು ಮಾತ್ರ ಯೋಚ್ನೆ ಮಾಡಿ. ಡಿಸ್ಟಿಲ್ಡ್ ವಾಟರ್ ಮೂರು ತಿಂಗಳಿಗೊಮ್ಮೆ ನೋಡ್ಬೇಕು, ಥಂಡಿಗೆ ಟರ್ಮಿನಲ್ಲಿಗೆ ಹಸಿರು ಹಿಡಿಯತ್ತೆ, ಒರೆಸಿ ವ್ಯಾಸಲೀನ್ ಹಚ್ಚಿಡಿ. ಬಾಳಿಕೆ ಚೆನ್ನಾಗಿ ನೋಡ್ಕೊಂಡ್ರೆ ನಾಲ್ಕೈದು ವರ್ಷ.

ಲಿಥಿಯಂ

ಇನ್ವರ್ಟರೂ ಬ್ಯಾಟರಿಯೂ ಒಂದೇ ಡಬ್ಬೀಲಿ, ಗೋಡೆಗೆ ನೇತುಹಾಕೋದು. ಲಿಥಿಯಂ ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದ್ದೇ ತಗೊಳ್ಳಿ, ಮನೆ ಒಳಗೆ ಇಡೋಕೆ ಅದು ಹೆಚ್ಚು ಸುರಕ್ಷಿತ, ಬಿಲ್ಲಲ್ಲಿ ಬರೆಸ್ಕೊಳ್ಳಿ. ಬೆಲೆ ಅಂದಾಜು 35ರಿಂದ 50 ಸಾವಿರ, ಟ್ಯೂಬುಲರಿನ ಎರಡರಷ್ಟು. 100 ಎಎಚ್ ಅಂದ ಕೂಡ್ಲೇ ಅಯ್ಯೋ ಚಿಕ್ಕದು ಅನ್ನಿಸತ್ತೆ, ಆದ್ರೆ ಇದನ್ನ ಶೇಕಡಾ 90ರ ತನಕ ಹಿಂಡಬಹುದು, ಹಾಗಾಗಿ ಕೈಗೆ ಸಿಗೋದು ಅದೇ ಸಾವಿರ ವ್ಯಾಟ್ ಅವರ್. ಅಂದ್ಮೇಲೆ ಡಬಲ್ ದುಡ್ಡು ಎಂತಕ್ಕೆ ಅಂದ್ರೆ, ತುಂಬೋದು ಮೂರು ನಾಲ್ಕು ಗಂಟೇಲಿ. ಆ ಮುಖ ತೋರ್ಸಿ ಹೋಗೋ ಎರಡು ಗಂಟೇಲಿ ಅರ್ಧಕ್ಕಿಂತ ಹೆಚ್ಚು ತುಂಬ್ಕೊಂಡು ಕೂತಿರತ್ತೆ, ಅಂದ್ರೆ ಇನ್ನೆರಡು ದಿನಕ್ಕೆ ಆಯ್ತು. ಶಿವಮೊಗ್ಗ ಪೇಟೆಯವ್ರಿಗೆ ಇದಕ್ಕೆ ಬೆಲೆ ಇಲ್ಲ, ನಮ್ಗೆ ಇದೇ ಬೆಲೆ.

ನೀರು ಹಾಕೋದಿಲ್ಲ, ಆಸಿಡ್ ವಾಸನೆ ಇಲ್ಲ, 50 ಕೆಜಿ ಎತ್ತೋದಿಲ್ಲ. ವಯಸ್ಸಾದವ್ರೇ ಇರೋ ಮನೆಗೆ ನಾನು ಕಣ್ಣು ಮುಚ್ಚಿ ಹೇಳೋದು ಇದನ್ನೇ. ಕಂಪನಿಗಳು ಹೇಳೋ ಪ್ರಕಾರ ಬಾಳಿಕೆ ಎಂಟು ಹತ್ತು ವರ್ಷ. ತೊಂದ್ರೆ ಅಂದ್ರೆ ಕೆಟ್ಟರೆ ನಮ್ಮ ಊರ ಮೆಕ್ಯಾನಿಕ್ಕು ಕೈ ಹಾಕಲ್ಲ, ಒಳಗಿನ ಬೋರ್ಡಿಗೆ ಕಂಪನಿಯವ್ರೇ ಬರ್ಬೇಕು. ಸರ್ವಿಸ್ ಶಿವಮೊಗ್ಗದಲ್ಲಿ ಇದೆಯಾ, ಇದ್ರೆ ಮನೆಗೆ ಬರ್ತಾರಾ, ಕೇಳದೆ ತಗೋಬೇಡಿ. ನನ್ನ ಪರಿಚಯದವ್ರೊಬ್ರದ್ದು ಜೂನ್‌ನಲ್ಲಿ ಕೆಟ್ಟಿದ್ದು ಸರಿಯಾಗಿ ಬಂದಿದ್ದು ಗೌರಿ ಹಬ್ಬಕ್ಕೆ.

ಸೋಲಾರ್, ಸಬ್ಸಿಡಿಯದ್ದು ಬೇರೆ, ಬ್ಯಾಟರಿಯದ್ದು ಬೇರೆ

ಇದ್ರಲ್ಲಿ ಜನ ಮೋಸ ಹೋಗೋದು ಜಾಸ್ತಿ, ಯಾರೋ ಮೋಸ ಮಾಡ್ತಾರೆ ಅಂತಲ್ಲ, ನಾವೇ ತಪ್ಪು ತಿಳ್ಕೋತೀವಿ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೇಲಿ ಎರಡು ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30,000, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ ಒಟ್ಟು 78,000 ಸಬ್ಸಿಡಿ ಇದೆ. ಒಳ್ಳೇ ಯೋಜನೆಯೇ, ಬಿಲ್ ಉಳಿಯತ್ತೆ. ಆದ್ರೆ ಸಾಮಾನ್ಯವಾಗಿ ಹಾಕೋದು ಆನ್‌ಗ್ರಿಡ್, ಅಂದ್ರೆ ಲೈನಿಗೆ ಸೇರ್ಸಿದ್ದು. ಲೈನ್ ಹೋದ ಕೂಡ್ಲೇ ಅದೂ ಬಂದ್ ಆಗತ್ತೆ, ಆಗ್ಲೇಬೇಕು, ಇಲ್ಲಾಂದ್ರೆ ನಿಮ್ಮ ಚಾವಣಿ ಕರೆಂಟು ಕಂಬ ಹತ್ತಿರೋ ಲೈನ್‌ಮನ್‌ಗೆ ಹೊಡೆಯತ್ತೆ. ಮಧ್ಯಾಹ್ನ ಹನ್ನೆರಡಕ್ಕೆ ಬಿಸಿಲು ಕಾಯ್ತಾ ಇದೆ, ಮೇಲೆ ಆರು ಪ್ಯಾನೆಲ್ ಇದೆ, ಒಳಗೆ ಕತ್ತಲೆ, ಹೀಗೆ ಕೂತವರನ್ನ ನೋಡಿದ್ದೀನಿ. ಕರೆಂಟ್ ಹೋದಾಗಲೂ ಬೇಕು ಅಂದ್ರೆ ಬ್ಯಾಟರಿ ಇರೋ ಹೈಬ್ರಿಡ್ ಬೇಕು, ಖರ್ಚು ಲಕ್ಷಗಳಲ್ಲಿ ಮೇಲೆ ಹೋಗತ್ತೆ.

ಇದಕ್ಕಿಂತ ನಂಗೆ ಇಷ್ಟ ಆಗಿದ್ದು ಸಣ್ಣ ದಾರಿ. ಇರೋ ಇನ್ವರ್ಟರ್ ಬ್ಯಾಟರಿಗೇ ಒಂದೆರಡು ಪ್ಯಾನೆಲ್ಲು, ಮಧ್ಯೆ ಒಂದು ಚಾರ್ಜ್ ಕಂಟ್ರೋಲರ್, ಅಂದ್ರೆ ಪ್ಯಾನೆಲ್ ಕರೆಂಟನ್ನ ಬ್ಯಾಟರಿಗೆ ತಕ್ಕಂಗೆ ತುಂಬ್ಸೋ ಡಬ್ಬಿ. ಬಿಸಿಲ ದಿನ 330 ವ್ಯಾಟಿನ ಒಂದು ಪ್ಯಾನೆಲ್ಲು ಒಂದೂಕಾಲು ಯೂನಿಟ್ ಸುಮಾರು ಕೊಡತ್ತೆ. ಆದ್ರೆ ಆರಿದ್ರಾ ಪುಷ್ಯ ಮಳೆ ಹಿಡಿದ ದಿನ, ಹಗಲು ಹನ್ನೊಂದಕ್ಕೂ ಲೈಟ್ ಹಾಕೋ ದಿನ, ಅದರ ಹತ್ತರಿಂದ ಇಪ್ಪತ್ತು ಪರ್ಸೆಂಟ್ ಸಿಕ್ಕಿದ್ರೆ ಪುಣ್ಯ, 125ರಿಂದ 250 ವ್ಯಾಟ್ ಅವರ್. ಕೇಳೋಕೆ ಕಮ್ಮಿ ಅನ್ನಿಸಿದ್ರೂ ನಮ್ಮ ದಿನದ ಖರ್ಚೇ 250 ಅಲ್ವಾ? ಎರಡು ಪ್ಯಾನೆಲ್ ಹಾಕಿದ್ರೆ ಕತ್ತಲೆ ದಿನದಲ್ಲೂ ಆವತ್ತಿನ ಲೈಟು ಆವತ್ತಿಗೆ ಹುಟ್ಟತ್ತೆ. ಪ್ಯಾನೆಲ್ಲು, ಎಂಪಿಪಿಟಿ ಕಂಟ್ರೋಲರು (ಪ್ಯಾನೆಲ್ಲಿಂದ ಹೆಚ್ಚು ಕರೆಂಟ್ ಎಳೆಯೋ ಜಾತಿಯದ್ದು), ಸ್ಟ್ಯಾಂಡು ಎಲ್ಲ ಸೇರಿ 20–25 ಸಾವಿರ ಆಗ್ಬಹುದು. ಅಗ್ಗಕ್ಕೆ ಸಿಗೋ ಪಿಡಬ್ಲ್ಯುಎಂ ಕಂಟ್ರೋಲರಿಗೆ 330ರ ದೊಡ್ಡ ಪ್ಯಾನೆಲ್ ಸಿಕ್ಕಿಸಿ 12 ವೋಲ್ಟಿನ ಬ್ಯಾಟರಿಗೆ ಕೊಟ್ರೆ ಅರ್ಧಕ್ಕಿಂತ ಹೆಚ್ಚು ವ್ಯರ್ಥ, ಅಲ್ಲಿ ಉಳಿಸ್ಬೇಡಿ. ಲಿಥಿಯಂ ಡಬ್ಬಿಗೆ ಪ್ಯಾನೆಲ್ ಸೇರ್ಸೋಕೆ ಎಲ್ಲದ್ರಲ್ಲೂ ಬರಲ್ಲ, ಕೊಳ್ಳೋವಾಗ್ಲೇ ಕೇಳಿ.

ಮತ್ತೆ ಮನೆ ಸುತ್ತ ಹಲಸು, ತೆಂಗು, ಅಡಿಕೆ ತೋಟ ಮುಚ್ಕೊಂಡಿದ್ರೆ ಸೋಲಾರ್ ಬಿಡಿ. ಅಡಿಕೆ ಮರ ಕಡಿದು ಪ್ಯಾನೆಲ್ ಹಾಕೋದು ಲಾಭದ ಬಾಬತ್ತಲ್ಲ. ಹೆಂಚಿನ ಮಾಡಿನ ಮೇಲೆ ಬೇಡ, ಅಂಗಳದಲ್ಲಿ ಕಬ್ಬಿಣದ ಸ್ಟ್ಯಾಂಡೇ ವಾಸಿ.

ಜನರೇಟರ್

ಅಪ್ಪಯ್ಯನ ಕಾಲದವ್ರ ನಂಬಿಕೆ ಇದರ ಮೇಲೆ. ತಪ್ಪಲ್ಲ, ಬಾವಿ ಪಂಪು ಓಡಿಸೋ ತಾಕತ್ತು ಈ ಪಟ್ಟೀಲಿ ಇದಕ್ಕೇ ಸುಲಭ. ಒಂದು ಎಚ್‌ಪಿ ಪಂಪು ಓಡೋವಾಗ ಒಂದು ಕಿಲೋವ್ಯಾಟ್ ಎಳೆದ್ರೂ ಸ್ಟಾರ್ಟ್ ಆಗೋ ಕ್ಷಣ ಅದರ ಮೂರ್ನಾಲ್ಕು ಪಟ್ಟು ಕೇಳತ್ತೆ, ಮನೆ ಇನ್ವರ್ಟರ್ ಅಲ್ಲೇ ಕೈ ಎತ್ತತ್ತೆ. ಅದಕ್ಕೆ ಮೂರು ಕೆವಿಎ (ಮೂರು ಸಾವಿರ ವಿಎ) ಪೆಟ್ರೋಲ್ ಜನರೇಟರ್ ಬೇಕು. ಬೋರ್‌ವೆಲ್ಲಿನ ತ್ರೀಫೇಸ್ ಮೋಟರ್ ಓಡಿಸ್ತೀನಿ ಅಂದ್ರೆ ಅದು ಬೇರೆಯೇ ಲೆವೆಲ್ಲು, ಇಲ್ಲಿ ಬೇಡ.

ಆದ್ರೆ ಲೈಟಿಗೆ ಅಂತ ಜನರೇಟರ್ ಇಡೋದು ಇರುವೆ ಹೊಡೆಯೋಕೆ ಕೋವಿ ತಂದಂಗೆ. ಎರಡು ಕೆವಿಎದ್ದು ಅರ್ಧ ಲೋಡಲ್ಲಿ ಗಂಟೆಗೆ ಮುಕ್ಕಾಲು ಲೀಟರ್ ಆಸುಪಾಸು ಪೆಟ್ರೋಲ್ ಕುಡಿಯತ್ತೆ, ನಾಲ್ಕು ಬಲ್ಬ್ ಉರಿಸಿದ್ರೂ ಅರ್ಧ ಲೀಟರಿಗೆ ಮೋಸ ಇಲ್ಲ. ಟ್ಯೂಬುಲರ್ ಬ್ಯಾಟರಿ ತುಂಬ್ಸೋಕೆ ಹತ್ತು ಗಂಟೆ ಓಡಿಸೋದು ಇನ್ನೂ ನಷ್ಟ. ಲಿಥಿಯಂ ಇದ್ರೆ ಮೂರು ಗಂಟೆ ಓಡ್ಸಿ, ಅದ್ರಲ್ಲೇ ಪಂಪೂ ಹಾಕಿ ಟ್ಯಾಂಕ್ ತುಂಬ್ಸಿ, ಮಿಕ್ಸಿ ಕೆಲ್ಸಾನೂ ಮುಗ್ಸಿ, ಆಮೇಲೆ ಎರಡು ಮೂರು ದಿನ ಮುಟ್ಟಬೇಡಿ. ದಾರಿ ಬಂದ್ ಆದಾಗ ಪೆಟ್ರೋಲ್ ತರೋದೇ ದೊಡ್ಡ ಕೆಲಸ, ಮನೇಲಿ ಕ್ಯಾನ್‌ಗಟ್ಟಲೆ ಇಟ್ಕೊಳ್ಳೋದು ಅಪಾಯ, ಹಳೇ ಪೆಟ್ರೋಲಿಗೆ ಕಾರ್ಬುರೇಟರ್ ಕಟ್ಕೊಂಡು ಬೇಕಾದ ದಿನವೇ ಸ್ಟಾರ್ಟ್ ಆಗಲ್ಲ.

ಎರಡು ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಮಳೆ ಬರ್ತಿದೆ ಅಂತ ಜನರೇಟರನ್ನ ಜಗಲಿಗೋ ಕೊಟ್ಟಿಗೆಗೋ ತಂದು ಓಡಿಸ್ಬೇಡಿ. ಹೊಗೇಲಿ ಕಾರ್ಬನ್ ಮಾನಾಕ್ಸೈಡ್ ಇರತ್ತೆ, ಬಣ್ಣ ಇಲ್ಲ ವಾಸನೆ ಇಲ್ಲ, ತಲೆನೋವು ಬಂತು ಅಂತ ಮಲಗಿದವ್ರು ಏಳಲ್ಲ. ಮನೆಯಿಂದ ದೂರ, ಮೇಲೆ ಶೀಟು ನಾಲ್ಕೂ ಕಡೆ ಬಯಲು ಇರೋ ಜಾಗ ಮಾಡಿ. ಇನ್ನೊಂದು, ಎರಡೂ ತುದಿಗೆ ಪ್ಲಗ್ ಹಾಕಿದ ವೈರನ್ನ ಗೋಡೆ ಸಾಕೆಟ್ಟಿಗೆ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡೋ ಬುದ್ಧಿವಂತಿಕೆ ಬೇಡ, ಅದು ಲೈನಿಗೂ ಹಿಂದೆ ಹೋಗತ್ತೆ, ಟ್ರಾನ್ಸ್‌ಫಾರ್ಮರಲ್ಲಿ ಉಲ್ಟಾ ಏರಿ ಸಾವಿರಾರು ವೋಲ್ಟಾಗತ್ತೆ, ನಮ್ಗೋಸ್ಕರ ಮಳೇಲಿ ಕಂಬ ಹತ್ತಿರೋನ ಪ್ರಾಣಕ್ಕೆ ಬರತ್ತೆ. ಲೈನೋ ಜನರೇಟರೋ ಒಂದನ್ನೇ ಮನೆಗೆ ಸೇರ್ಸೋ ಚೇಂಜ್ ಓವರ್ ಸ್ವಿಚ್ ಹಾಕ್ಸಿ, ದೊಡ್ಡ ದುಡ್ಡಲ್ಲ.

ಹಳ್ಳ ಇದ್ದವ್ರಿಗೆ

ಇದು ಎಲ್ರಿಗೂ ಅಲ್ಲ, ಆದ್ರೆ ಇದ್ದವ್ರಿಗೆ ಇದರಂಥದ್ದು ಇನ್ನೊಂದಿಲ್ಲ. ಮನೆ ಮೇಲಿನ ಗುಡ್ಡದಿಂದ ಹಳ್ಳ ಇಳೀತಾ ಇದ್ರೆ ಕಿರು ಟರ್ಬೈನು. ಮಲೆನಾಡಿನ ಎಷ್ಟೋ ಒಂಟಿ ಮನೆಗಳಲ್ಲಿ ವರ್ಷಗಟ್ಟಲೆಯಿಂದ ಓಡ್ತಾ ಇದೆ. ಉಳಿದದ್ದೆಲ್ಲ ಮಳೆ ಜೋರಾದಷ್ಟೂ ಸೋಲತ್ತೆ, ಇದೊಂದು ಮಳೆ ಜೋರಾದಷ್ಟೂ ಗೆಲ್ಲತ್ತೆ.

ಲೆಕ್ಕ ಸುಲಭ. 15 ಲೀಟರ್ ಬಕೆಟ್ ಮೂರು ಸೆಕೆಂಡಿಗೆ ತುಂಬಿದ್ರೆ ಸೆಕೆಂಡಿಗೆ 5 ಲೀಟರ್. ಗಾರೆಯವ್ರು ಮಟ್ಟ ನೋಡೋ ನೀರಿನ ಪೈಪಲ್ಲಿ ಇಳಿಜಾರಿನ ಎತ್ತರ ಅಳೀರಿ, 20 ಮೀಟರ್ ಅಂದ್ಕೊಳ್ಳಿ. 5 ಗುಣಿಸು 20 ಗುಣಿಸು 9.8, ಸುಮಾರು 980 ವ್ಯಾಟ್, ಅರ್ಧ ನಷ್ಟ ಹೋದ್ರೂ 490 ಕೈಗೆ ಬರತ್ತೆ. ಹಗಲೂ ರಾತ್ರಿ ಅಂದ್ರೆ ದಿನಕ್ಕೆ 11 ಯೂನಿಟ್ ಮೇಲೆ, ನಮ್ಮ ಬ್ಯಾಟರಿ ಪೂರ್ತಿ ತುಂಬಿದ್ರೆ ಸಿಗೋದೇ ಒಂದು! ಹೆಚ್ಚಾದ ಕರೆಂಟನ್ನ ಕಂಟ್ರೋಲರು ಹೀಟರಿಗೆ ತಳ್ಳತ್ತೆ, ಅದನ್ನ ಸ್ನಾನದ ನೀರಿಗೆ ಹಾಕ್ಕೊಂಡವ್ರಿದ್ದಾರೆ.

ಖರ್ಚು ಲಕ್ಷದ ಮೇಲೆ, ಪೈಪ್ ಎಷ್ಟು ಉದ್ದ ಅನ್ನೋದರ ಮೇಲೆ ಏರತ್ತೆ. ಬೇಸಿಗೇಲಿ ಹಳ್ಳ ಒಣಗಿದ್ರೆ ಇದೂ ರಜೆ. ನೆರೆ ನೀರಲ್ಲಿ ಎಲೆ ಕಡ್ಡಿ ಬಂದು ಬಾಯಿ ಕಟ್ಕೊಂಡ್ರೆ ಬೆಳಿಗ್ಗೆ ಆರಕ್ಕೆ ಉಂಬಳ ಕಚ್ಚಿಸ್ಕೊಂಡು ಗುಡ್ಡ ಹತ್ತೋರು ಮನೇಲಿ ಒಬ್ರು ಇರ್ಬೇಕು. ಇದ್ದಾರಾ?

ನೀರಿನ ವಿಷಯ

ಕರೆಂಟ್ ಹೋದ್ರೆ ಬೆಳಕಿಗಿಂತ ಮೊದಲು ತೊಂದ್ರೆ ಕೊಡೋದು ನೀರು, ಸುತ್ತಲೂ ನೀರೇ ಇದ್ರೂ. ತೆರೆದ ಬಾವಿ ಇದ್ರೆ ಪುಣ್ಯವಂತ್ರು, ಆಷಾಢದಲ್ಲಿ ನೀರು ಮೇಲೆ ಬಂದಿರತ್ತೆ, ರಾಟೆ ಹಗ್ಗ ಸರಿ ಇಟ್ಕೊಳ್ಳಿ ಸಾಕು, ಪಂಪಿಗೋಸ್ಕರ 40 ಸಾವಿರದ ಜನರೇಟರ್ ತರೋ ಮುಂಚೆ 400 ರೂಪಾಯಿ ಹಗ್ಗ ನೆನಪು ಮಾಡ್ಕೊಳ್ಳಿ. ಗುಡ್ಡದಿಂದ ತಾನಾಗೇ ಹರಿದು ಬರೋ ಅಬ್ಬಿ ನೀರು ಇದ್ದವ್ರಿಗೆ ಕರೆಂಟೇ ಬೇಡ, ಕೆಂಪಾಗಿ ಬಂದ್ರೆ ಸೋಸಿ ಕುದಿಸಿ ಕುಡೀರಿ. ಬೋರ್‌ವೆಲ್ ಒಂದೇ ಗತಿ ಅನ್ನೋರು ಮಾತ್ರ ಸಾವಿರ ಲೀಟರ್ ಟ್ಯಾಂಕ್ ಇನ್ನೊಂದು ಹಾಕಿ, ಆರೆಂಜ್ ಅಲರ್ಟ್ ಅಂದ ದಿನವೇ ತುಂಬ್ಸಿಡಿ.

ಯಾರಿಗೆ ಯಾವುದು

ಶಿವಮೊಗ್ಗ, ಭದ್ರಾವತಿ ಪೇಟೆ ಒಳಗೆ, ಕರೆಂಟ್ ಹೋದ್ರೂ ನಾಲ್ಕೈದು ಗಂಟೇಲಿ ಬರತ್ತೆ ಅನ್ನೋರಿಗೆ ಟ್ಯೂಬುಲರ್ ಸಾಕು, ಬೇರೆ ಎಂತದೂ ಬೇಡ. ತುಂಗೆ ದಂಡೆ ಹತ್ರ ಇರೋರು ಬ್ಯಾಟರೀನ ನೆಲದ ಮೇಲೆ ಇಡ್ಬೇಡಿ, 2019ರ ಆಗಸ್ಟಲ್ಲಿ ಪೇಟೆ ಒಳಗೇ ನೀರು ನುಗ್ಗಿತ್ತಲ್ಲ, ಸ್ವಿಚ್ ಬೋರ್ಡಿನಷ್ಟು ಎತ್ತರದಲ್ಲಿ ಕಟ್ಟೆ ಮಾಡ್ಸಿ. ಹೊಳೇಲಿರೋ ಮಂಟಪ ಮುಳುಗ್ತು ಅಂತ ನೋಡೋಕೆ ಹೋಗೋ ಹೊತ್ತಲ್ಲಿ ಮೇನ್ ಸ್ವಿಚ್ ಆಫ್ ಮಾಡ್ಕೊಂಡು ಸಾಮಾನು ಮೇಲೆ ಸಾಗ್ಸಿ.

ತೀರ್ಥಹಳ್ಳಿ, ಸಾಗರ, ಹೊಸನಗರ ಪೇಟೆಯವ್ರಿಗೆ, ಒಂದು ದಿನದ ಒಳಗೆ ಬರತ್ತೆ ಅನ್ನೋರಿಗೆ, ಟ್ಯೂಬುಲರೇ ಆಗತ್ತೆ, ಸ್ವಿಚ್ ಆಫ್ ಮಾಡೋ ಅಭ್ಯಾಸ ಇದ್ರೆ. ಬಾಡಿಗೆ ಮನೆಯವ್ರೂ ಇದನ್ನೇ ತಗೊಳ್ಳಿ, ಬಿಟ್ಟು ಹೋಗೋವಾಗ ಎತ್ಕೊಂಡು ಹೋಗ್ಬಹುದು.

ಒಳ ಹಳ್ಳಿ, ಮೂರು ದಿನ ಮೇಲೆ ಹೋಗತ್ತೆ ಅನ್ನೋರು ದುಡ್ಡಿದ್ರೆ ಲಿಥಿಯಂ, ಅಂಗಳಕ್ಕೆ ಬೆಳಕು ಬಿದ್ರೆ ಜೊತೆಗೆ ಎರಡು ಪ್ಯಾನೆಲ್ಲು. ಈಗಾಗ್ಲೇ ಒಳ್ಳೇ ಟ್ಯೂಬುಲರ್ ಇದ್ರೆ ಅದನ್ನ ಬಿಸಾಕ್ಬೇಡಿ, ಅದಕ್ಕೇ ಪ್ಯಾನೆಲ್ ಸೇರ್ಸಿ. ತೋಟ ಮುಚ್ಕೊಂಡಿದೆ, ಗಟ್ಟಿ ಆಳು ಮನೇಲಿದ್ದಾರೆ ಅಂದ್ರೆ ಪ್ಯಾನೆಲ್ ಬದಲು ಸಣ್ಣ ಜನರೇಟರ್. ಅಪ್ಪ ಅಮ್ಮ ಇಬ್ರೇ ಅಂದ್ರೆ ಜನರೇಟರ್ ಮಾತೇ ಬೇಡ.

ಆಕ್ಸಿಜನ್ ಕಾನ್ಸಂಟ್ರೇಟರ್ ಹಾಕ್ಕೊಳ್ಳೋರು ಇದ್ದಾರೆ ಅಂದ್ರೆ ಮೇಲಿನ ಯಾವ ಲೆಕ್ಕವೂ ಸಾಲದು, ಐದು ಲೀಟರಿನದ್ದು 300 ವ್ಯಾಟ್ ಮೇಲೆ ಎಳೆಯತ್ತೆ, ನಮ್ಮ ಸಾವಿರ ವ್ಯಾಟ್ ಅವರ್ ಮೂರು ಗಂಟೆಗೆ ಖಾಲಿ. ಅವರನ್ನ ಮಳೆ ಜೋರಾಗೋಕೆ ಮುಂಚೆ ಪೇಟೇಲಿರೋ ನೆಂಟ್ರ ಮನೆಗೆ ಬಿಡೋದೇ ಸರಿ. ಇನ್ಸುಲಿನ್ ತಗೊಳ್ಳೋರು ಕರೆಂಟ್ ಹೋದ್ರೆ ಎಷ್ಟು ದಿನ ಹೊರಗಿಡಬಹುದು ಅಂತ ತಮ್ಮ ಡಾಕ್ಟರ್ ಹತ್ರ ಈಗ್ಲೇ ಕೇಳಿಟ್ಕೊಳ್ಳಿ, ಇನ್ಸುಲಿನ್ನಿಗೆ ಅಂತ ಫ್ರಿಜ್ಜನ್ನೇ ಇನ್ವರ್ಟರಿಗೆ ಹಾಕ್ಬೇಕಾ ಬೇಡ್ವಾ ಅನ್ನೋದು ಅದರ ಮೇಲೆ.

ಇನ್ನು ಮನೆ ಹಿಂದೆ ಧರೆ ಇರೋರು. ಗುಡ್ಡ ಕಡಿದು ಜಾಗ ಮಾಡಿದ ಮನೆಗಳು. 2018ರಲ್ಲಿ ಕೊಡಗು, 2019ರಲ್ಲಿ ಮೂಡಿಗೆರೆ ಕಡೆ, 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರು, ಗುಡ್ಡ ಕುಸಿದಿದ್ದು ನೋಡಿದ್ದೀವಿ. ಇಂಥವ್ರು ಬ್ಯಾಟರಿಗೆ ಅಂತ ಇಟ್ಟ ದುಡ್ಡಲ್ಲಿ ಮೊದಲು ಧರೆ ಮೇಲಿನ ನೀರು ಪಕ್ಕಕ್ಕೆ ಹೋಗೋ ಹಾಗೆ ಕಾಲುವೆ ತೆಗೆಸಿ. ರೆಡ್ ಅಲರ್ಟ್ ಅಂದ್ರೆ 24 ಗಂಟೇಲಿ 204.4 ಮಿಲಿಮೀಟರ್ ಮೀರೋ ಮಳೆ, ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಹೊಯ್ಯೋ ಆಗುಂಬೆಯವ್ರು ಇದೇನು ಮಹಾ ಅಂತ ನಗ್ತಾರೆ, ಆದ್ರೆ ವಾರದಿಂದ ನೆಂದು ಕೂತಿರೋ ಮಣ್ಣಿಗೆ ಅದೇ ಮಳೆ ಹೊಸ ಭಾರ. ಧರೆ ಮೇಲೆ ಬಿರುಕು ಬಂತು, ಮರ ವಾಲ್ತು, ಗೋಡೆ ಬುಡದಲ್ಲಿ ಕೆಸರು ನೀರು ಒಸರ್ತು, ಬಾಗಿಲು ಇದ್ದಕ್ಕಿದ್ದಂಗೆ ಬಿಗಿ ಆಯ್ತು ಅಂದ್ರೆ ದನದ ಹಗ್ಗ ಬಿಚ್ಚಿ ಹೊರಡೋದೇ. ಆಧಾರ್, ಪಹಣಿ, ಬ್ಯಾಂಕ್ ಪುಸ್ತಕ, ಮಾತ್ರೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಹತ್ರವೇ ಇರ್ಲಿ. ಜಿಲ್ಲಾ ಸಹಾಯವಾಣಿ 1077, ತುರ್ತಿಗೆ 112, ತಂತಿ ಬಿದ್ದಿದ್ರೆ ಹತ್ರ ಹೋಗ್ದೆ 1912.

ಯಾವುದೇ ಆಗ್ಲಿ ಮೇ ಮೊದಲ ವಾರದೊಳಗೆ ಮುಗಿಸ್ಕೊಳ್ಳಿ. ಮೃಗಶಿರಾ ಬರ್ಲಿ ನೋಡೋಣ ಅನ್ನೋದು ಹಳೇ ಲೆಕ್ಕ, ತೌಕ್ತೆ ಚಂಡಮಾರುತ ಬಂದಿದ್ದು 2021ರ ಮೇ ಮಧ್ಯದಲ್ಲಿ, ಸಮುದ್ರದಲ್ಲಿ ಎದ್ದಿದ್ದರ ಗಾಳಿ ಮಳೆ ಘಟ್ಟದ ಮೇಲಿನವ್ರಿಗೂ ತಟ್ಟಿತ್ತು. ಏಪ್ರಿಲ್ ಮೇ ಸಿಡಿಲಿಗೇ ಇನ್ವರ್ಟರ್ ಬೋರ್ಡು ಸುಡೋದು ಬೇರೆ, ಅರ್ಥಿಂಗ್ ಒಮ್ಮೆ ನೋಡ್ಸಿ, ಗುಡುಗು ಶುರುವಾಗೋ ಮುಂಚೆಯೇ ಪ್ಲಗ್ ಕಿತ್ತಿಡಿ.

ತಂಗಿ ಗಂಡ ಕೊನೆಗೆ ಲಿಥಿಯಂ ಒಂದು, ಪ್ಯಾನೆಲ್ ಎರಡು ತಗೊಂಡ್ರು, ಅಪ್ಪಯ್ಯನಿಗೆ ಸ್ವಲ್ಪ ಬೇಜಾರಾಯ್ತು. ನಾನು ಹೇಳಿದೆ, ಒಂದು ಭಾನುವಾರ ಮೇನ್ ಸ್ವಿಚ್ ಆಫ್ ಮಾಡಿ ಇಡೀ ದಿನ ಇದ್ದು ನೋಡಿ, ಏನು ತಪ್ಪಿದೆ ಅಂತ ಮಳೇಲಿ ಗೊತ್ತಾಗೋ ಬದಲು ಬಿಸಿಲಲ್ಲೇ ಗೊತ್ತಾಗ್ಲಿ ಅಂತ. ಮಾಡಿದ್ರು. ಬಚ್ಚಲು ಮನೆ ಲೈಟಿಗೂ ಕೊಟ್ಟಿಗೆ ಲೈಟಿಗೂ ಇನ್ವರ್ಟರ್ ಲೈನೇ ಎಳೆದಿರ್ಲಿಲ್ಲ, ಟಿವಿ ಹಿಂದಿನ ಬಣ್ಣದ ಲೈಟಿಗೆ ಎಳೆದಿತ್ತು. ವೈರಿಂಗ್‌ನವ್ರು ಬರೋ ಬುಧವಾರ ಬರ್ತೀನಿ ಅಂದಿದ್ದಾರಂತೆ.